ಅಮೃತಬಳ್ಳಿ ಕಾಯಿಯ ಓಟೆಯಲ್ಲಿರುವ ತೂತು: ಹುಳದ್ದಲ್ಲ

ನಮಸ್ಕಾರ. ಗದಗಿನ ನಿಮ್ಮ ಹೊಲದ ಬದುವಿನಲ್ಲಿರೋ ಅಮೃತಬಳ್ಳಿ ಹಣ್ಣಿನ ಬೀಜಕ್ಕೆಲ್ಲ ಒಂದೇ ಕಡೆ ತೂತು ಇದೆ, ಹುಳ ಕೊರೆದಿದೆಯೇ ಎಂದು ಕೇಳಿದ್ದೀರಿ. ಇಲ್ಲರಿ, ಅದು ಹುಟ್ಟಿನಿಂದಲೇ ಇರುವ ಕುಳಿ.

ಮೊದಲು ಒಂದು ಮಾತು: ನಿಮ್ಮ ಕೈಯಲ್ಲಿರುವುದು ಬೀಜವಲ್ಲ, ಓಟೆ. ಹಣ್ಣಿನ ಒಳಗೋಡೆಯೇ ಗಟ್ಟಿಯಾಗಿ ಹಾಗಾಗಿರುತ್ತದೆ, ನಿಜವಾದ ಬೀಜ ಅದರೊಳಗಿದೆ. ಓಟೆಯ ಬೆನ್ನು ಉಬ್ಬಿ ಒರಟಾಗಿರುತ್ತದೆ, ಹೊಟ್ಟೆ ಚಪ್ಪಟೆ. ಆ ಹೊಟ್ಟೆಯ ಗೋಡೆ ನಡುವೆ ಒಳಕ್ಕೆ ಮಡಚಿಕೊಂಡು ಪೊಳ್ಳಾಗುತ್ತದೆ; ನೀವು ಕಂಡ ತೂತು ಅದರ ಬಾಯಿ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕಾಂಡೈಲ್ ಎನ್ನುತ್ತಾರೆ. ಬೀಜ ಈ ಪೊಳ್ಳನ್ನು ತಬ್ಬಿಕೊಂಡು ಬಾಗಿ ಬೆಳೆಯುತ್ತದೆ. ಹುಳದ ತೂತಾದರೆ ಎಲ್ಲಿ ಬೇಕಾದರೂ ಇರುತ್ತದೆ, ನೇರ ಬೀಜಕ್ಕೇ ಇಳಿಯುತ್ತದೆ, ಹಿಟ್ಟಿನಂಥ ಪುಡಿಯೂ ಉದುರುತ್ತದೆ.

ಖಾತ್ರಿ ಮಾಡಿಕೊಳ್ಳಲು ಕೆಂಪಗೆ ಮಾಗಿದ ಹಣ್ಣನ್ನೇ ಆರಿಸಿ. ರಾತ್ರಿ ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿರುಳು ತೆಗೆಯಿರಿ. ತಿರುಳು ಕುಳಿಯಲ್ಲಿ ಉಳಿದರೆ ತೂತೇ ಕಾಣುವುದಿಲ್ಲ. ಸುತ್ತಿಗೆ ಬೇಡ, ಒಳಗಿನದೆಲ್ಲ ನುಚ್ಚಾಗುತ್ತದೆ. ಒಂದು ತುದಿಯಿಂದ ಮರಳು ಕಾಗದದ ಮೇಲೆ ನಡುವಿನ ತನಕ ತೇಯಿರಿ. ಅಡ್ಡಸೀಳಿನಲ್ಲಿ ಬೀಜ ಅರ್ಧಚಂದ್ರದ ಹಾಗೆ ಕಾಣಬೇಕು. ಭೂತಗನ್ನಡಿ ಇದ್ದರೆ ಬೀಜದೊಳಗಿನ ಆಹಾರದ ಪದರ ಸುಕ್ಕುಸುಕ್ಕಾಗಿರುವುದೂ ತಿಳಿಯುತ್ತದೆ.

ಒಂದೇ ತೊಟ್ಟಿನಲ್ಲಿ ಮೂರು ಹಣ್ಣು ಅಂದಿರಲ್ಲ, ಹೆಣ್ಣು ಹೂವಿನಲ್ಲಿ ಬಿಡಿಬಿಡಿಯಾದ ಮೂರು ಅಂಡಕೋಶಗಳಿರುವುದರಿಂದ ಹಾಗೆ. ಎಲ್ಲವೂ ಕಾಯಿ ಕಟ್ಟದಿದ್ದರೆ ಒಂದೋ ಎರಡೋ ಉಳಿಯುತ್ತವೆ. ಪಕ್ಕದ ಬೇಲಿಯ ಬಳ್ಳಿ ಕಾಯಿಯನ್ನೇ ಬಿಡುವುದಿಲ್ಲ ಎಂದರೆ ಅದು ಗಂಡು ಬಳ್ಳಿ ಇರಬಹುದು. ಈ ಜಾತಿಯಲ್ಲಿ ಗಂಡು, ಹೆಣ್ಣು ಬೇರೆಬೇರೆ.