ದೇವರಿಗೆ ಮೊದಲೇ ಗೊತ್ತಿದ್ದರೆ ನನ್ನ ಕೈಯಲ್ಲೇನಿದೆ?

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಸುತ್ತುತ್ತಿವೆ. ಕ್ರೈಸ್ತ ನಂಬಿಕೆಯ ಪ್ರಕಾರ ದೇವರಿಗೆ ನಾಳೆಯೂ ಗೊತ್ತು. ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯವೂ ಇದೆ, ಅದಕ್ಕೇ ಪಾಪಕ್ಕೆ ಅವನೇ ಹೊಣೆ. ಎರಡೂ ಒಟ್ಟಿಗೆ ನಿಲ್ಲುವುದು ಹೇಗೆ ಅಂತ ಕೇಳಿದ್ದೀರಿ. ಬೇರೆ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಕಾಯಲಿ, ಇವತ್ತು ಇದೊಂದೇ.

ಪ್ರಶ್ನೆ: ನಾಳೆ ನಾನೊಂದು ಸುಳ್ಳು ಹೇಳುತ್ತೇನೆ ಅಂತ ದೇವರಿಗೆ ಇವತ್ತೇ ಗೊತ್ತು ಅಂದುಕೊಳ್ಳಿ. ಹೇಳದೆ ಇರೋಕೆ ನನ್ನಿಂದ ಆಗುತ್ತಾ? ಆಗುತ್ತೆ ಅಂದರೆ ದೇವರು ತಿಳಿದದ್ದು ತಪ್ಪಾಯಿತು. ಆಗಲ್ಲ ಅಂದರೆ ತಪ್ಪು ನನ್ನದು ಹೇಗೆ?

ಉತ್ತರ: ಇದನ್ನೇ ಇವೋದಿಯಸ್ ಎಂಬ ಗೆಳೆಯ ಸಂತ ಅಗಸ್ಟೀನನನ್ನು ಕೇಳಿದ್ದ. ಇಚ್ಛಾಸ್ವಾತಂತ್ರ್ಯದ ಬಗ್ಗೆ ಅಗಸ್ಟೀನ್ ಬರೆದ ಸಂಭಾಷಣೆಯ ಮೂರನೇ ಭಾಗದಲ್ಲಿ ಈ ಮಾತುಕತೆ ಬರುತ್ತದೆ. ಆ ಪುಸ್ತಕ ಮುಗಿದದ್ದು ಸುಮಾರು 395ರಲ್ಲಿ. ಅಗಸ್ಟೀನ್ ಕೊಟ್ಟ ಉತ್ತರ ಸರಳ. ನಡೆದುಹೋದದ್ದು ನಿನಗೆ ನೆನಪಿದೆ. ಆದರೆ ಅದನ್ನು ನಡೆಸಿದ್ದು ನಿನ್ನ ನೆನಪಲ್ಲ. ಹಾಗೆಯೇ ಮುಂದೆ ನಡೆಯುವುದು ದೇವರಿಗೆ ಗೊತ್ತು, ಆದರೆ ಅದನ್ನು ಮಾಡಿಸುವುದು ಆ ಅರಿವಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ಕಡೆ ಲೆಕ್ಕ ಜಾರಿದೆ. 'ದೇವರಿಗೆ ಗೊತ್ತಿದ್ದರೆ ಅದು ನಡೆಯಲೇಬೇಕು' ಎಂಬುದು ನಿಜ. ಆದರೆ ಆ 'ಲೇಬೇಕು' ಇಡೀ ಮಾತಿಗೆ ಅಂಟಿದ್ದು, ನಿಮ್ಮ ಸುಳ್ಳಿಗಲ್ಲ. ರೋಮಿನ ತತ್ವಜ್ಞಾನಿ ಬೊಯೀಥಿಯಸ್ ಸುಮಾರು 524ರಲ್ಲಿ ಜೈಲಿನಲ್ಲಿ ಮರಣದಂಡನೆ ಎದುರು ನೋಡುತ್ತಾ ಇದನ್ನು ಬಿಡಿಸಿಟ್ಟ. ಒಬ್ಬ ಕೂತಿದ್ದಾನೆ ಅಂತ ನಿಮಗೆ ಗೊತ್ತಿದ್ದರೆ ಅವನು ಕೂತಿರಲೇಬೇಕು, ಇಲ್ಲದಿದ್ದರೆ ಅದನ್ನು ಗೊತ್ತು ಅನ್ನುವುದಾದರೂ ಹೇಗೆ? ಆದರೆ ಅವನು ಕೂತದ್ದು ನಿಮಗೆ ಗೊತ್ತಿದೆ ಅಂತಲ್ಲ. ಅವನು ಎದ್ದು ಹೋಗಿದ್ದರೆ ನಿಮಗೆ ಗೊತ್ತಿರುತ್ತಿದ್ದದ್ದೇ ಬೇರೆ. ನಾಳೆಯ ಸುಳ್ಳೂ ಹಾಗೆ. ನೀವು ಹೇಳದೆ ಇರಬಹುದು. ಹೇಳದೆ ಇದ್ದರೆ ದೇವರ ಅರಿವು ತಪ್ಪಾಗುವುದಿಲ್ಲ, 'ಇವನು ಹೇಳುವುದಿಲ್ಲ' ಎಂಬುದೇ ಮೊದಲಿನಿಂದಲೂ ದೇವರಿಗೆ ಗೊತ್ತಿರುತ್ತಿತ್ತು.

ಇದನ್ನು ಹಣೆಬರಹದ ಜೊತೆ ಬೆರೆಸುವವರು ಜಾಸ್ತಿ. ಹಣೆಬರಹ ಅಂದರೆ ನೀವು ಏನೇ ಮಾಡಿದರೂ ಆಗುವುದು ಆಗಿಯೇ ತೀರುತ್ತದೆ, ಅಲ್ಲಿ ನಿಮ್ಮ ಆಯ್ಕೆಗೆ ಕೆಲಸವೇ ಇಲ್ಲ. ಇಲ್ಲಿ ಹೇಳುತ್ತಿರುವುದು ಬೇರೆ. ದೇವರಿಗೆ ಗೊತ್ತಿರುವುದರಲ್ಲಿ ನಿಮ್ಮ ಆಯ್ಕೆಯೂ ಸೇರಿದೆ. ಅದನ್ನು ತೆಗೆದರೆ ಅಲ್ಲಿ ತಿಳಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಸರ್, ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ ಅನ್ನೋದನ್ನು ಚರ್ಚಿನ ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ನನಗೆ ಸಮಾಧಾನವಿಲ್ಲ. ದೇವರ ಅರಿವು ನಾನು ಹುಟ್ಟುವ ಮೊದಲೇ ಇತ್ತು. ಆಗಿಹೋದದ್ದನ್ನು ನಾನು ಬದಲಿಸಲಾರೆ. ಆ ಅರಿವು ತಪ್ಪಾಗುವುದೂ ಇಲ್ಲ. ಹಾಗಾದರೆ ಅದರಂತೆ ನಡೆಯುವುದನ್ನೂ ನಾನು ಬದಲಿಸಲಾರೆ, ಅಲ್ವಾ?

ಉತ್ತರ: ನೀವು ಮೊದಲಿನವರಿಗಿಂತ ಗಟ್ಟಿ ಗಿರಾಕಿ. ನೆಲ್ಸನ್ ಪೈಕ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ 1965ರಲ್ಲಿ ಹೆಚ್ಚುಕಡಿಮೆ ಇದೇ ವಾದ ಮುಂದಿಟ್ಟ. ಅಲ್ಲಿಂದ ಇಲ್ಲಿಯವರೆಗೆ ಜಗಳ ನಿಂತಿಲ್ಲ. ಇಲ್ಲಿ 'ಅರಿವು ಕಾರಣವಲ್ಲ' ಎಂಬ ಉತ್ತರ ಸಾಲದು, ಯಾಕೆಂದರೆ ನೀವು ಕಾರಣದ ಮಾತೇ ಎತ್ತಿಲ್ಲ. ನೀವು ಹಿಡಿದಿರುವುದು ಕಾಲವನ್ನು. ಕಳೆದದ್ದಕ್ಕೆ ಬೀಗ ಬಿದ್ದಿದೆ, ಆ ಬೀಗದೊಳಗೆ ನನ್ನ ನಾಳೆಯೂ ಸಿಕ್ಕಿಕೊಂಡಿದೆ ಎಂಬುದು ನಿಮ್ಮ ದೂರು.

ಬೊಯೀಥಿಯಸ್‌ಗೆ ಇದಕ್ಕೂ ಉತ್ತರವಿತ್ತು. ದೇವರು ಕಾಲದೊಳಗೆ ಇಲ್ಲ, ಹಾಗಾಗಿ 'ಮೊದಲೇ' ಎಂಬುದು ಆತನಿಗೆ ಹೊಂದುವುದಿಲ್ಲ. ನಮಗೆ ನಿನ್ನೆ, ನಾಳೆ ಆಗಿರುವುದೆಲ್ಲ ಆತನಿಗೆ ಒಟ್ಟಿಗೆ ಈಗ. ಹದಿಮೂರನೇ ಶತಮಾನದಲ್ಲಿ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೊಂದು ಹೋಲಿಕೆ ಕೊಟ್ಟ. ದಾರಿಯಲ್ಲಿ ನಡೆಯುವವನಿಗೆ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ಇಡೀ ದಾರಿ ಒಂದೇ ನೋಟಕ್ಕೆ ಕಾಣುತ್ತದೆ. ನೋಡುತ್ತಿರುವವನು ನಡೆಯುವವರ ಕಾಲು ಹಿಡಿದು ಎಳೆಯುತ್ತಿಲ್ಲ. ನಾನಂತೂ ಹೆಚ್ಚು ವಾಲುವುದು ಈ ಕಡೆಗೇ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಮುಚ್ಚಿಡುವವರೇ ಜಾಸ್ತಿ.

ಬೆಲೆ ಏನು ಅಂದರೆ ಪ್ರವಾದನೆ, ಅಂದರೆ ಮುಂದಾಗುವುದನ್ನು ದೇವರು ಮೊದಲೇ ನುಡಿಯುವುದು. ದೇವರು ಕಾಲದ ಹೊರಗೇ ಇರಲಿ, ಆದರೆ ಆತ ನುಡಿದ ಮಾತು ಕಾಲದೊಳಗೇ ಬೀಳುತ್ತದೆ. 'ಈ ರಾತ್ರಿ ಕೋಳಿ ಕೂಗುವ ಮೊದಲು ನೀನು ನನ್ನನ್ನು ಮೂರು ಸಲ ಅಲ್ಲಗಳೆಯುವೆ' ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ. ಹೇಳಿದ್ದು ಹೇಳಿಯಾಯಿತು. ಪೇತ್ರ ಮಹಾಯಾಜಕನ ಅಂಗಳದಲ್ಲಿ ನಿಂತಾಗ ಆ ಮಾತು ಕಳೆದುಹೋದ ಸಂಗತಿ. ಎತ್ತರದಿಂದ ನೋಡುವ ಹೋಲಿಕೆ ಇಲ್ಲಿ ಕೈಕೊಡುತ್ತದೆ. ನಿಮ್ಮ ವಾದ ಪೂರ್ತಿ ಬಲದಿಂದ ವಾಪಸ್ ಬರುತ್ತದೆ.

ಹದಿನಾಲ್ಕನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಆಕಮ್‌ನ ವಿಲಿಯಂ ಬೇರೆ ದಾರಿ ಹಿಡಿದ. ಕಳೆದದ್ದೆಲ್ಲ ಒಂದೇ ತರ ಗಟ್ಟಿಯಲ್ಲ ಅಂದ. 'ನಿನ್ನೆ ಮಳೆ ಬಂತು' ಎಂಬುದು ಮುಗಿದ ಮಾತು. 'ನಾಳೆ ಮಳೆ ಬರುತ್ತದೆ ಎಂಬುದು ನಿನ್ನೆಯೂ ನಿಜವಾಗಿತ್ತು' ಎಂಬುದು ಕೇಳುವುದಕ್ಕೆ ನಿನ್ನೆಯ ಮಾತು, ಆದರೆ ಅದರ ಜೀವ ಇರುವುದು ನಾಳೆಯ ಮಳೆಯಲ್ಲಿ. ದೇವರ ಮುನ್ನರಿವು ಈ ಎರಡನೇ ಜಾತಿಯದು. ಅದು ನಿಂತಿರುವುದು ನೀವು ಮಾಡುವುದರ ಮೇಲೆ, ಹಾಗಾಗಿ ಅದಕ್ಕೆ ಇನ್ನೂ ಬೀಗ ಬಿದ್ದಿಲ್ಲ. ಬಾಯಿಬಿಟ್ಟು ಆಡಿದ ಪ್ರವಾದನೆಗೆ ಇದು ಸಾಕೇ? ಅಂಥ ಪ್ರವಾದನೆಗಳ ಒಳಗೆ ಒಂದು 'ಆದರೆ', ಅಂದರೆ 'ಹೀಗಾದರೆ ಮಾತ್ರ' ಎಂಬ ಷರತ್ತು, ಅಡಗಿರುತ್ತದೆ ಎಂದು ಆಕಮ್ ಹೇಳಿದ. ಪೇತ್ರನ ವಿಷಯದಲ್ಲಿ ನನಗದು ಹೊಂದುವಂತೆ ಕಾಣುವುದಿಲ್ಲ.

ಆದರೂ ಒಂದು ಮಾತು. ಸುವಾರ್ತೆಯನ್ನು ಮತ್ತೆ ಓದಿ ನೋಡಿ. ಪೇತ್ರನಿಗೆ ಯೇಸುವಿನ ಮಾತು ನೆನಪಾಗುವುದು ಕೋಳಿ ಕೂಗಿದ ಮೇಲೆ. ಅಲ್ಲಗಳೆಯುವಾಗ ಅದು ಅವನ ತಲೆಯಲ್ಲೇ ಇರಲಿಲ್ಲ ಅನ್ನಿಸುತ್ತದೆ. ಅವನನ್ನು ದೂಡಿದ್ದು ಸುತ್ತ ನಿಂತವರ ಭಯ. ಇದರಿಂದ ತರ್ಕದ ಗಂಟು ಬಿಚ್ಚಿತು ಅಂತ ಹೇಳುತ್ತಿಲ್ಲ, ಅದು ಬಿಚ್ಚಿಲ್ಲ. ಆದರೆ ಪೇತ್ರ ಅತ್ತದ್ದು ಬಲವಂತಕ್ಕೆ ಸಿಕ್ಕವನ ಹಾಗಲ್ಲ, ತಪ್ಪು ಮಾಡಿದವನ ಹಾಗೆ.

ಪ್ರಶ್ನೆ: ಶಿಷ್ಯ ಯೂದ ದ್ರೋಹ ಮಾಡುತ್ತಾನೆ ಅಂತ ಯೇಸುವಿಗೆ ಮೊದಲಿಂದಲೂ ಗೊತ್ತಿತ್ತು. ದ್ರೋಹವಿಲ್ಲದೆ ಶಿಲುಬೆ ಇಲ್ಲ, ಶಿಲುಬೆ ಇಲ್ಲದೆ ರಕ್ಷಣೆ ಇಲ್ಲ. ಅಂದಮೇಲೆ ಪಾಪ, ಯೂದನನ್ನು ಬೈಯುವುದು ಯಾಕೆ? ಇನ್ನೊಂದು: ಹೀಗೆ ಮಾಡುತ್ತಾನೆ ಅಂತ ಗೊತ್ತಿದ್ದರೆ ಅವನನ್ನು ಸೃಷ್ಟಿಸಿದ್ದಾದರೂ ಯಾಕೆ?

ಉತ್ತರ: ಮೊದಲನೆಯದು ಹಳೇ ಏಟು. ಎರಡನೇ ಶತಮಾನದ ಸೆಲ್ಸಸ್ ಎಂಬಾತ ಕ್ರೈಸ್ತರನ್ನು ಇದರಿಂದಲೇ ಚುಚ್ಚಿದ. ಯೇಸು ದೇವರಾಗಿ ಮೊದಲೇ ನುಡಿದಿದ್ದರೆ ಅದು ನಡೆಯಲೇಬೇಕಿತ್ತು, ಅಂದರೆ ತನ್ನ ಶಿಷ್ಯರನ್ನು ದ್ರೋಹಿಗಳಾಗಿಸಿದವನು ದೇವರೇ ಅಂದ. ಮುಂದಿನ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಗನ್ ಇದಕ್ಕೆ ಉತ್ತರ ಬರೆದ. ನುಡಿದದ್ದರಿಂದ ನಡೆಯಿತು ಅಂತಲ್ಲ, ನಡೆಯಲಿದ್ದದ್ದರಿಂದ ನುಡಿದದ್ದು ಅಂದ. ಸುವಾರ್ತೆಯಲ್ಲಿ ಯೂದ ಗೊಂಬೆಯಾಗಿ ಕಾಣುವುದೇ ಇಲ್ಲ. ತಾನಾಗಿ ಮಹಾಯಾಜಕರ ಬಳಿ ಹೋಗುತ್ತಾನೆ, ನನಗೇನು ಕೊಡುತ್ತೀರಿ ಅಂತ ಕೇಳುತ್ತಾನೆ, 30 ಬೆಳ್ಳಿ ನಾಣ್ಯಕ್ಕೆ ಒಪ್ಪುತ್ತಾನೆ.

ಬೈಬಲ್ ಈ ಎರಡು ಎಳೆಗಳನ್ನು ಬೇರೆ ಮಾಡುವ ಗೋಜಿಗೇ ಹೋಗುವುದಿಲ್ಲ. ಮತ್ತಾಯ 26:24 ನೋಡಿ. ಮನುಷ್ಯಕುಮಾರನು ಬರೆದಿರುವ ಪ್ರಕಾರವೇ ಹೊರಟುಹೋಗುತ್ತಾನೆ, ಆದರೆ ಹಿಡಿದುಕೊಡುವವನ ಗತಿಯನ್ನು ಏನು ಹೇಳಲಿ ಎಂಬ ಅರ್ಥದ ಮಾತು, ಎರಡೂ ಒಂದೇ ಉಸಿರಿನಲ್ಲಿ. ಅಪೊಸ್ತಲರ ಕೃತ್ಯಗಳು 2:23ರಲ್ಲಿ ಪೇತ್ರ ಕೂಡ ಹೀಗೆಯೇ ಮಾತಾಡುತ್ತಾನೆ. ಯೇಸು ದೇವರ ಸಂಕಲ್ಪದಂತೆ, ಮುನ್ನರಿವಿನಂತೆ ಒಪ್ಪಿಸಲ್ಪಟ್ಟ, ಕೊಂದವರು ನೀವು. ಮಧ್ಯೆ ವಿವರಣೆಯಿಲ್ಲ. ವಿವರಣೆ ಬೇಕು ಅಂತ ಅವನಿಗೆ ಅನ್ನಿಸಿದ ಹಾಗೂ ಇಲ್ಲ.

ಈಗ 'ಸೃಷ್ಟಿಸಿದ್ದು ಯಾಕೆ'. ನನಗೆ ಈ ಇಡೀ ವಿಷಯದಲ್ಲಿ ನಿಜವಾಗಿ ಕಷ್ಟ ಅನ್ನಿಸುವುದು ಇದೊಂದೇ. ಸ್ವಲ್ಪ ನಿಧಾನವಾಗಿ ಓದಿ. ಯೂದ ದ್ರೋಹ ಮಾಡುತ್ತಾನೆ ಎಂಬುದು ಮುನ್ನರಿವು ಅಂದರೆ, ಯೂದ ಹುಟ್ಟುತ್ತಾನೆ ಎಂಬುದೂ ಅದರೊಳಗೇ ಇದೆ. ಆ ಅರಿವನ್ನು ಬಳಸಿ 'ಹಾಗಾದರೆ ಇವನು ಬೇಡ' ಎಂದು ದೇವರು ನಿರ್ಧರಿಸಿದರೆ ಯೂದನೂ ಇಲ್ಲ, ದ್ರೋಹವೂ ಇಲ್ಲ, ಮುಂಚೆ ತಿಳಿಯುವುದಕ್ಕೆ ವಿಷಯವೇ ಇಲ್ಲ. ಅಂದರೆ ನಡೆಯಲಿರುವುದರ ಅರಿವು ನಿರ್ಧಾರಕ್ಕೆ ಉಪಯೋಗವಾಗುವುದಿಲ್ಲ, ಅದರಲ್ಲಿ ನಿರ್ಧಾರ ಆಗಲೇ ಸೇರಿಹೋಗಿದೆ. ನಿರ್ಧಾರಕ್ಕೆ ಬೇಕಾದದ್ದು ಬೇರೆ ಬಗೆಯ ಅರಿವು: 'ಇವನನ್ನು ಸೃಷ್ಟಿಸಿದರೆ, ಇಂಥ ಸನ್ನಿವೇಶದಲ್ಲಿ ಇಟ್ಟರೆ, ತಾನಾಗಿ ಏನು ಮಾಡುತ್ತಾನೆ?' ಅಂಥ ಅರಿವು ದೇವರಿಗಿದೆಯೇ ಎಂಬುದು ಮುಂದಿನ ಪತ್ರದವರ ಪ್ರಶ್ನೆ.

ಅದು ಇದೆ ಅಂತ ಒಪ್ಪಿದರೂ 'ಯಾಕೆ' ಉಳಿಯುತ್ತದೆ. ಆದರೆ ಅಲ್ಲಿಗೆ ಪ್ರಶ್ನೆಯ ಜಾತಿಯೇ ಬದಲಾಯಿತು. ಅದು ಸ್ವಾತಂತ್ರ್ಯದ ಪ್ರಶ್ನೆಯಲ್ಲ, ದೇವರ ಒಳ್ಳೆಯತನದ ಪ್ರಶ್ನೆ. ಕೆಟ್ಟದ್ದಕ್ಕೆ ಜಾಗ ಕೊಟ್ಟದ್ದು ಯಾಕೆ ಎಂಬ, ಬೈಬಲಿನಲ್ಲಿ ನೋವುಂಡ ಯೋಬನ ಪ್ರಶ್ನೆ. ಎರಡನ್ನೂ ಕಲಸಿಕೊಂಡರೆ ಒಂದೂ ಬಗೆಹರಿಯುವುದಿಲ್ಲ.

ಪ್ರಶ್ನೆ: 'ಹೀಗಾಗಿದ್ದರೆ ಹಾಗಾಗುತ್ತಿತ್ತು' ಅನ್ನೋದೂ ದೇವರಿಗೆ ಗೊತ್ತಾ?

ಉತ್ತರ: 1 ಸಮುವೇಲ 23 ಓದಿ. ದಾವೀದ ಕೆಯೀಲಾ ಎಂಬ ಊರಲ್ಲಿ ಇದ್ದಾನೆ. ನನ್ನನ್ನು ಬೆನ್ನಟ್ಟಿರುವ ರಾಜ ಸೌಲ ಇಲ್ಲಿಗೆ ಬರುತ್ತಾನಾ, ಊರಿನವರು ನನ್ನನ್ನು ಅವನಿಗೆ ಒಪ್ಪಿಸುತ್ತಾರಾ ಅಂತ ದೇವರನ್ನು ಕೇಳುತ್ತಾನೆ. ಬರುತ್ತಾನೆ, ಒಪ್ಪಿಸುತ್ತಾರೆ ಎಂದು ಉತ್ತರ ಬರುತ್ತದೆ. ದಾವೀದ ಊರು ಬಿಟ್ಟ. ಸೌಲ ಬರಲೇ ಇಲ್ಲ. ಹಾಗಾದರೆ ದೇವರು ಹೇಳಿದ್ದು ಏನನ್ನು? ದಾವೀದ ಅಲ್ಲೇ ಉಳಿದಿದ್ದರೆ ಆಗುತ್ತಿದ್ದದ್ದನ್ನು.

ಸ್ಪೇನಿನ ಜೆಸ್ಯೂಟ್ ಪಂಗಡದ ಪಾದ್ರಿ ಲೂಯಿಸ್ ದೆ ಮೊಲೀನಾ ಇಂಥ ಅರಿವನ್ನೇ ಬುನಾದಿ ಮಾಡಿಕೊಂಡು 1588ರಲ್ಲಿ ಲಿಸ್ಬನ್ನಿನಲ್ಲಿ ಒಂದು ದಪ್ಪ ಪುಸ್ತಕ ಪ್ರಕಟಿಸಿದ. ಯಾರು ಎಲ್ಲಿದ್ದರೆ ತಾವಾಗಿ ಏನು ಆರಿಸಿಕೊಳ್ಳುತ್ತಾರೆ ಎಂಬುದನ್ನು ತಿಳಿದು, ದೇವರು ಅದಕ್ಕೆ ತಕ್ಕ ಜಗತ್ತನ್ನು ಸೃಷ್ಟಿಸುತ್ತಾನೆ. ಆಯ್ಕೆ ನಿಮ್ಮದೇ, ಆದರೂ ಏನೂ ದೇವರ ಕೈಮೀರುವುದಿಲ್ಲ. ಜಾಣ ವಾದ. ಆದರೆ ಡೊಮಿನಿಕನ್ ಪಂಗಡದ ಸಂನ್ಯಾಸಿ ಬಾನ್ಯೆಸ್ ಮತ್ತವನ ಕಡೆಯವರು ರೇಗಿದರು. ದೇವರು ಇನ್ನೂ ಏನನ್ನೂ ನಿರ್ಧರಿಸದಿರುವಾಗಲೇ, ಹುಟ್ಟದವನೊಬ್ಬ ಏನು ಮಾಡುತ್ತಾನೆ ಎಂಬುದನ್ನು ನಿಜ ಮಾಡುವುದು ಯಾವುದು? ಅದಕ್ಕೆ ಕಾಲೂರಲು ನೆಲ ಎಲ್ಲಿದೆ? ಈ ಆಕ್ಷೇಪಕ್ಕೆ ಮೊಲೀನಾ ಕಡೆಯವರು ಕೊಡುವ ಉತ್ತರ ನನಗಂತೂ ಪೂರ್ತಿ ಒಪ್ಪಿಗೆಯಾಗಿಲ್ಲ.

ಜಗಳ ರೋಮಿಗೆ ಹೋಯಿತು. ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೇ ಪೌಲ್ ಯಾರ ಪರವಾಗಿಯೂ ತೀರ್ಪು ಕೊಡದೆ ಸಭೆ ಮುಗಿಸಿದ, ಒಬ್ಬರ ವಾದವನ್ನು ಇನ್ನೊಬ್ಬರು ಖಂಡಿಸಬಾರದು ಅಂದ. ತಕ್ಕ ಸಮಯದಲ್ಲಿ ತೀರ್ಪು ಬರುತ್ತದೆ ಅಂದಿದ್ದ. ಆ ಸಮಯ ಇನ್ನೂ ಬಂದಿಲ್ಲ!

ಪ್ರಶ್ನೆ: ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದಕ್ಕೆ ಏನಂದ?

ಉತ್ತರ: ದೇವರು ನಿರ್ಧರಿಸಿರುವುದರಿಂದಲೇ ದೇವರಿಗೆ ಗೊತ್ತು ಅಂದ. ಗಂಟು ಒಂದೇ ಏಟಿಗೆ ಕತ್ತರಿಸಿತು. ಒಬ್ಬ ತನ್ನ ಮನಸಾರೆ ಮಾಡಿದರೆ ಸಾಕು, ಅದಕ್ಕೆ ಅವನೇ ಹೊಣೆ ಎನ್ನುತ್ತಾರೆ ಈ ಕಡೆಯವರು. ಆದರೆ ಆ ಮನಸ್ಸು ಹಾಗಿರಬೇಕು ಎಂಬುದೂ ನಿರ್ಧಾರದಲ್ಲೇ ಸೇರಿದೆಯಲ್ಲ ಎಂಬುದು ಹಾಲೆಂಡಿನ ದೇವತಾಶಾಸ್ತ್ರಜ್ಞ ಅರ್ಮಿನಿಯಸ್ ಕಡೆಯವರ ತಕರಾರು. 1618ರಿಂದ 1619ರವರೆಗೆ ನಡೆದ, ಡಾರ್ಟ್ ಎಂಬ ಊರಿನ ಪ್ರೊಟೆಸ್ಟೆಂಟ್ ಸಭೆ ಅರ್ಮಿನಿಯಸ್ ಕಡೆಯವರನ್ನು ತಳ್ಳಿಹಾಕಿತು. ಮುಂದೆ ಜಾನ್ ವೆಸ್ಲಿಯ ಮೆಥಡಿಸ್ಟರು ಅವರ ವಾದವನ್ನೇ ಎತ್ತಿಕೊಂಡರು. ನಿಮ್ಮ ಚರ್ಚು ಯಾವ ಕಡೆಯದು ಎಂಬುದರ ಮೇಲೆ ನೀವು ಕೇಳುವ ಪ್ರಸಂಗವೂ ಬೇರೆಯಾಗುತ್ತದೆ.

ಪ್ರಶ್ನೆ: ಎಲ್ಲ ಗೊತ್ತಿರುವ ದೇವರಿಗೆ ಸುಮ್ನೆ ಪ್ರಾರ್ಥನೆ ಯಾಕೆ?

ಉತ್ತರ: ನೀವು ಕೇಳುವ ಮೊದಲೇ ನಿಮಗೇನು ಬೇಕೆಂದು ನಿಮ್ಮ ತಂದೆಗೆ ಗೊತ್ತು ಎಂದು ಯೇಸು ಹೇಳುವುದು ಮತ್ತಾಯ 6:8ರಲ್ಲಿ. ಹಾಗಾಗಿ ಪ್ರಾರ್ಥನೆ ಬೇಡ ಅಂತ ಹೇಳಬೇಕಿತ್ತಲ್ಲ? ಮುಂದಿನ ವಚನದಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಕಲಿಸುತ್ತಾನೆ. ಅಕ್ವಿನಾಸ್ ಹೇಳುವುದು ನನಗೆ ಸರಿ ಕಾಣುತ್ತದೆ. ದೇವರ ಮನಸ್ಸು ತಿರುಗಿಸಲು ನಾವು ಪ್ರಾರ್ಥಿಸುವುದಲ್ಲ. ಕೆಲವನ್ನು ಪ್ರಾರ್ಥನೆಯ ಮೂಲಕವೇ ಕೊಡಬೇಕೆಂದು ದೇವರು ಇಟ್ಟಿದ್ದಾನೆ, ಅವನ್ನು ಪಡೆಯಲು ಪ್ರಾರ್ಥಿಸುವುದು. ನೀವು ಕೇಳುವುದೂ ದೇವರಿಗೆ ಗೊತ್ತಿರುವುದರ ಒಂದು ಭಾಗ. ಕೇಳದೆ ಇದ್ದರೆ ಗೊತ್ತಿರುತ್ತಿದ್ದದ್ದು ಬೇರೆ.

ಪ್ರಶ್ನೆ: 40 ದಿನದಲ್ಲಿ ನಿನೆವೆ ಪಟ್ಟಣ ನಾಶ ಅಂತ ಪ್ರವಾದಿ ಯೋನ ಸಾರಿದ. ಆಗಲಿಲ್ಲ. ಅಂದರೆ ದೇವರಿಗೂ ಮುಂದಿನದು ಗೊತ್ತಿಲ್ಲ ಅಂತ ಆಗಲ್ವಾ?

ಉತ್ತರ: ಹಾಗೆ ಹೇಳುವ ಕ್ರೈಸ್ತರೂ ಇದ್ದಾರೆ. 1994ರಲ್ಲಿ ಕ್ಲಾರ್ಕ್ ಪಿನ್ನಾಕ್ ಮತ್ತು ಜೊತೆಗಾರರು ಈ ವಾದವನ್ನು ಪುಸ್ತಕವಾಗಿಯೇ ತಂದರು. ಮನುಷ್ಯ ಇನ್ನೂ ಮಾಡದ ಆಯ್ಕೆ ತಿಳಿಯಬಹುದಾದ ವಸ್ತುವೇ ಅಲ್ಲ, ಹಾಗಾಗಿ ಅದು ದೇವರಿಗೆ ಗೊತ್ತಿಲ್ಲದಿದ್ದರೆ ಅದೇನೂ ಕೊರತೆಯಲ್ಲ ಎಂಬುದು ಅವರ ಮಾತು. ಕೀರ್ತನೆ 139ರ 'ಮಾತು ನಾಲಿಗೆಗೆ ಬರುವ ಮೊದಲೇ ನಿನಗೆ ಗೊತ್ತು' ಎಂಬ ಭಾವಕ್ಕೆ ಅವರು ಕೊಡುವ ಅರ್ಥ ನನಗೆ ತೀರಾ ಎಳೆದ ಹಾಗೆ ಅನ್ನಿಸುತ್ತದೆ.

ನಿನೆವೆಯ ಕತೆ ಅವರ ಪರವಾಗಿ ಸಾಕ್ಷಿ ಹೇಳುತ್ತದೆ ಅಂತಲೂ ನನಗನ್ನಿಸುವುದಿಲ್ಲ. ಒಂದು ಜನಾಂಗಕ್ಕೆ ನಾಶ ನುಡಿದ ಮೇಲೂ ಅದು ಕೆಟ್ಟದ್ದನ್ನು ಬಿಟ್ಟು ತಿರುಗಿದರೆ ಮನಸ್ಸು ಬದಲಿಸುತ್ತೇನೆ ಎಂದು ದೇವರು ಯೆರೆಮೀಯ 18ರಲ್ಲಿ ನೇರವಾಗಿಯೇ ಹೇಳಿದ್ದಾನೆ. ನಿನೆವೆಯವರು ಹಾಗೆ ತಿರುಗಿದರು. ಆಕಮ್ ಹೇಳಿದ ಅಡಗಿದ 'ಆದರೆ' ಇಲ್ಲಿ ಚೆನ್ನಾಗಿ ಹೊಂದುತ್ತದೆ. ಯೋನನನ್ನೇ ಕೇಳಿದರೂ ಆಯಿತು. ನಾಲ್ಕನೇ ಅಧ್ಯಾಯದಲ್ಲಿ ಅವನು ಸಿಟ್ಟಾಗಿ ದೇವರಿಗೆ ಹೇಳುವುದು ಇದನ್ನೇ: ನೀನು ಕನಿಕರದವನು, ಕೊನೆಗೆ ಬಿಟ್ಟುಬಿಡುತ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ತಾರ್ಷೀಷಿಗೆ ಓಡಿಹೋಗಲು ಹೊರಟದ್ದು.