ಕಲಬುರಗಿಯ ಪ್ಲಾಸ್ಟಿಕ್ ಕಸವನ್ನು ಡಾಂಬರು ರಸ್ತೆಗೆ ಬಳಸಬಹುದಾ? ಗುಂಡಿ ಬೀಳೋದು ನಿಲ್ಲುತ್ತಾ?

ಖಂಡಿತ ಬಳಸಬಹುದು. ಮದುರೈನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ಇದನ್ನು ಮಾಡಿ ತೋರಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕ್ಯಾರಿಬ್ಯಾಗ್, ಹಾಲಿನ ಕವರ್, ಥರ್ಮಾಕೋಲ್ ಇವನ್ನೆಲ್ಲ ತೊಳೆದು ಒಣಗಿಸಿ ಸಣ್ಣ ಚೂರು ಮಾಡುತ್ತಾರೆ. ಜಲ್ಲಿಯನ್ನು ಸುಮಾರು 160–170 ಡಿಗ್ರಿಗೆ ಕಾಯಿಸಿ ಅದರ ಮೇಲೆ ಚೂರು ಉದುರಿಸುತ್ತಾರೆ. ಅರ್ಧ ನಿಮಿಷದಲ್ಲಿ ಪ್ಲಾಸ್ಟಿಕ್ ಕರಗಿ ಪ್ರತಿ ಕಲ್ಲಿಗೂ ಎಣ್ಣೆ ಸವರಿದ ಹಾಗೆ ಮಿರಮಿರ ಪದರ ಕಟ್ಟುತ್ತದೆ. ಆಮೇಲೆ ಬಿಸಿ ಡಾಂಬರು. ಡಾಂಬರಿನ ತೂಕದಲ್ಲಿ ನೂರಕ್ಕೆ 6ರಿಂದ 8 ಭಾಗದಷ್ಟು ಪ್ಲಾಸ್ಟಿಕ್ ಸಾಕು. ಕಲ್ಲಿಗೂ ಡಾಂಬರಿಗೂ ನಡುವೆ ನೀರು ಇಳಿಯುವುದಿಲ್ಲ, ಜಲ್ಲಿ ಬೇಗ ಕಿತ್ತು ಬರುವುದಿಲ್ಲ. ನಮ್ಮ ಬೇಸಿಗೆಯ ಬಿಸಿಲಿಗೂ ರಸ್ತೆ ಅಷ್ಟು ಸುಲಭವಾಗಿ ಮೆತ್ತಗಾಗುವುದಿಲ್ಲ.

ಪಿವಿಸಿ ಮಾತ್ರ ಬೇಡವೇ ಬೇಡ. ಹಳೇ ಪೈಪು, ಫ್ಲೆಕ್ಸ್ ಬ್ಯಾನರ್ ಸೇರಿದರೆ ಕಾಯಿಸುವಾಗ ವಿಷಗಾಳಿ ಬರುತ್ತದೆ. ಅಲ್ಲಿ ಕೆಲಸ ಮಾಡುವವರ ಎದೆಗೆ ಅದು ನೇರ ಹೊಡೆತ. ಹಾಗಾಗಿ ಕಸ ಬೇರ್ಪಡಿಸುವ ಕೆಲಸ ಸರಿಯಾಗಿ ಆಗಲೇಬೇಕು.

ಅವಕಾಶವೂ ಇದೆ. 5 ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳ ಸುತ್ತ ಡಾಂಬರಿಗೆ ಪ್ಲಾಸ್ಟಿಕ್ ಸೇರಿಸಬೇಕು ಅಂತ ಕೇಂದ್ರ 2015ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲೇ ಕಲಬುರಗಿ ಆ ಲೆಕ್ಕ ದಾಟಿತ್ತು.

ಆದರೆ ಗುಂಡಿ ಪೂರ್ತಿ ನಿಲ್ಲುತ್ತದೆ ಅಂತ ನಾನು ಹೇಳಲ್ಲ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ರಸ್ತೆಯನ್ನೂ ಸೀಳುತ್ತದೆ. ಪ್ಲಾಸ್ಟಿಕ್ ಇರುವುದು ಮೇಲಿನ ಪದರದಲ್ಲಿ ಮಾತ್ರ, ಅಲ್ವಾ? ಕೆಳಗೆ ಸುಣ್ಣ ಬೆರೆಸಿ ಮಣ್ಣು ಗಟ್ಟಿ ಮಾಡಬೇಕು ಅಥವಾ ಒಳ್ಳೆ ಗರಸು ತುಂಬಬೇಕು. ಪಕ್ಕದಲ್ಲಿ ಚರಂಡಿಯೂ ಬೇಕು.