ಹೆಣಿಗೆ ಕಲಿಯುವವರು ಮೊದಲು ಯಾವ ಉಲ್ಲನ್ ತಗೊಳ್ಳಬೇಕು?

ಮಂಗಳೂರಿನ ಸೆಕೆಯಲ್ಲಿ ಹೆಣಿಗೆ ಕಲಿಯೋಕೆ ಉಣ್ಣೆ ಒಳ್ಳೆಯದಾ, ಹತ್ತಿ ದಾರ ಒಳ್ಳೆಯದಾ ಅಂತ ಕೇಳಿದ್ದೀರಿ. ಮೊದಲ ಒಂದೆರಡು ತಿಂಗಳಿಗೆ ಎರಡೂ ಬೇಡ. ತಿಳಿ ಬಣ್ಣದ, ನುಣುಪಾದ, ಸ್ವಲ್ಪ ದಪ್ಪ ಅಕ್ರಿಲಿಕ್ (ಕೃತಕ ದಾರ) ಸಾಕು. ಅಂಗಡಿಗಳಲ್ಲಿ ಅದನ್ನೂ ಉಲ್ಲನ್ ಅಂತಲೇ ಕೊಡುತ್ತಾರೆ, ಲೇಬಲ್ ಓದಿ ತಗೊಳ್ಳಿ.

ಬಣ್ಣದ ಮಾತು ಯಾಕೆ ಅಂದ್ರೆ, ನಾನು ಶುರು ಮಾಡಿದ್ದು ಕಡು ನೀಲಿಯಲ್ಲಿ, ಅದೂ ಜುಂಗು ಜುಂಗಾದ ದಾರ. ಜುಲೈ ಮಳೆ, ಮಧ್ಯಾಹ್ನವೇ ಮನೆಯೊಳಗೆ ಕತ್ತಲೆ, ಕರೆಂಟ್ ಬೇರೆ ಇಲ್ಲ. ಒಂದು ಕುಣಿಕೆ ಕಡ್ಡಿಯಿಂದ ಜಾರಿದ್ದು ಗೊತ್ತೇ ಆಗಲಿಲ್ಲ, ಆರೇಳು ಸಾಲು ಆದ ಮೇಲೆ ನೋಡಿದರೆ ಏಣಿಯ ಹಾಗೆ ಕೆಳಗಿನ ತನಕ ಬಿಚ್ಚಿಕೊಂಡಿತ್ತು. ಪೂರ್ತಿ ಬಿಚ್ಚೋಣ ಅಂದರೆ ಜುಂಗು ಒಂದಕ್ಕೊಂದು ಸಿಕ್ಕಿಕೊಂಡು ಬರಲೇ ಇಲ್ಲ, ಕತ್ತರಿ ಹಾಕಬೇಕಾಯಿತು. ಅಳುವೇ ಬಂದಿತ್ತು. ಆಮೇಲೆ ಉಡುಪಿಯ ದೊಡ್ಡಮ್ಮ ತಿಳಿಹಳದಿ ಉಂಡೆಯೊಂದನ್ನು ಕೈಗಿಟ್ಟರು. ಅದರಲ್ಲಿ ಒಂದೊಂದು ಕುಣಿಕೆಯೂ ಎದ್ದು ಕಾಣುತ್ತಿತ್ತು, ಸೀದಾ ಯಾವುದು ಉಲ್ಟಾ ಯಾವುದು ಅಂತ ಕಣ್ಣಿಗೇ ಗೊತ್ತಾಯಿತು.

ಅಂಗಡಿಯಲ್ಲಿ 8 ಪ್ಲೈ ಕೇಳಿ, ಪ್ಲೈ ಅಂದ್ರೆ ದಾರದ ದಪ್ಪದ ಲೆಕ್ಕ. 4 ಪ್ಲೈ ತೆಳು, ಎಷ್ಟು ಹೆಣೆದರೂ ಮುಂದೆ ಹೋದ ಹಾಗೆ ಅನಿಸುವುದಿಲ್ಲ. ಕಡ್ಡಿ 8 ನಂಬರಿನದು, ಅಂದ್ರೆ 4 ಮಿ.ಮೀ. ಹಳೇ ಲೆಕ್ಕದ ಕಡ್ಡಿಗಳಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಪೂರ: 10 ನಂಬರ್ ಬರೀ 3.25 ಮಿ.ಮೀ. ದಾರದ ತುದಿಯನ್ನು ಬೆರಳಲ್ಲಿ ಹಿಡಿದು, ಹುರಿ ಬಿಚ್ಚುವ ಕಡೆಗೆ ಸ್ವಲ್ಪ ತಿರುಗಿಸಿ ನೋಡಿ. ಎಳೆಗಳು ತಕ್ಷಣ ಬಿಟ್ಟುಕೊಂಡರೆ ಆ ದಾರ ಬೇಡ, ಕಡ್ಡಿಯ ಮೂತಿ ಪ್ರತಿ ಸಲ ಎಳೆಗಳ ನಡುವೆ ಹೊಕ್ಕುತ್ತದೆ.

ಹತ್ತಿ ನಮ್ಮ ಹವೆಗೆ ಸರಿ, ನಿಜ. ಆದರೆ ಅದು ಎಳೆದರೆ ಹಿಗ್ಗುವುದಿಲ್ಲ, ಹೊಸಬರು ಹೇಗೂ ಬಿಗಿಯಾಗಿ ಹೆಣೆಯುತ್ತಾರೆ, ಬೆರಳು ನೋಯುತ್ತದೆ. ಕೈ ಸಡಿಲವಾದ ಮೇಲೆ ಮಗುವಿನ ಟೊಪ್ಪಿಗೆ ಅದೇ ಚೆಂದ. ಉಣ್ಣೆಗೆ ದುಡ್ಡೂ ಜಾಸ್ತಿ, ಮಳೆಗಾಲದಲ್ಲಿ ತೇವ, ಹುಳ ತಾಗದಂತೆ ಕಾಪಾಡುವ ಕೆಲಸವೂ ಇದೆ.

ಈಗ ಒಂದೇ ಉಂಡೆ ತನ್ನಿ. 20 ಕುಣಿಕೆ ಹಾಕಿ, ಹೆಣೆದು, ಬಿಚ್ಚಿ, ಮತ್ತೆ ಹೆಣೆಯಿರಿ. ಮುಂದೆ ಶಾಲು ಹೆಣೆಯಲು ಹೊರಟಾಗ ಮಾತ್ರ ಬೇಕಾದಷ್ಟೂ ಒಟ್ಟಿಗೆ ತಗೊಳ್ಳಿ, ಲೇಬಲ್ ಮೇಲೆ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಒಂದೇ ಇದೆಯಾ ಅಂತ ನೋಡಿ. ಅಂಗಡಿಯ ಬೆಳಕಲ್ಲಿ ಬಣ್ಣ ಒಂದೇ ಕಂಡರೂ, ಲಾಟ್ ಬೇರೆಯಾದರೆ ಹೆಣೆದ ಮೇಲೆ ಅಲ್ಲೊಂದು ಗೆರೆ ಎದ್ದು ಕಾಣಬಹುದು.